ಬೀಡಿನ ಕುತ್ತಿಗೆಗೆ ಒನಕೆಯ ಬಳೆ

ಆ ವರ್ಷದ ಮೊದಲ ಗಾಳಿಮಳೆ ಬಂದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಕಾರ್ಕಳದ ಹೊರಗಿನ ಒಂದು ಕಲ್ಲುಕೋರೆಯ ಅಂಚಿನಲ್ಲಿ ನನ್ನ ಕುಲುಮೆ ಇತ್ತು. ತೆಂಗಿನ ಮಡಲಿನ ಮಾಡು, ನಾಲ್ಕು ಕಂಬ, ಗೋಡೆ ಎಂಬುದಿಲ್ಲ. ಗಾಳಿ ಮಾಡನ್ನು ಹಿಡಿದೆತ್ತಿ ಒಂದು ಕಂಬವನ್ನು ಬುಡಸಮೇತ ಕಿತ್ತಿತು. ಕಂಬ ನನ್ನ ಮೇಲೆ ಬೀಳಲಿಲ್ಲ, ಬ್ಲೋವರಿನ ಮೇಲೆ ಬಿತ್ತು. ಬ್ಲೋವರು ಅಡಿಗಲ್ಲಿನ ಮೂಲೆಗೆ ಬಡಿದು ನೆಲಕ್ಕೆ ಉರುಳಿತು. ಅದರ ಬದಲು ನನ್ನ ಮೇಲೆಯೇ ಬಿದ್ದಿದ್ದರೆ ಒಳ್ಳೆಯದಿತ್ತು ಎಂದು ಮುಂದಿನ ದಿನಗಳಲ್ಲಿ ಹಲವು ಬಾರಿ ಅಂದುಕೊಂಡೆ. ಎಲುಬು ಕೂಡಿಸುವವರು ಊರಲ್ಲಿ ಇದ್ದರು, ಬೀಡು ಕೂಡಿಸುವವರು ಇರಲಿಲ್ಲ.

ಬ್ಲೋವರ್ ಎಂದರೆ ಕೈಯಿಂದ ತಿರುಗಿಸುವ ಗಾಳಿಯಂತ್ರ. ಎರಕ ಹೊಯ್ದ ಕಬ್ಬಿಣದ, ಅಂದರೆ ಬೀಡಿನ, ಒಂದು ದುಂಡು ಗೂಡು. ಅದರೊಳಗೆ ರೆಕ್ಕೆಗಳಿರುವ ಚಕ್ರ, ಹೊರಗೆ ಒಂದು ಹಿಡಿ. ಹಿಡಿ ತಿರುಗಿಸಿದರೆ ಚಕ್ರ ಭರ್ರೆಂದು ತಿರುಗಿ ಇದ್ದಿಲಿಗೆ ಗಾಳಿ ನುಗ್ಗಿಸುತ್ತದೆ. ಕೋರೆಯ ಧಣಿಗಳು ಅದನ್ನು ಮಂಗಳೂರಿನಿಂದ ತರಿಸಿಕೊಟ್ಟ ಮೇಲೆ ನನ್ನ ಅಪ್ಪನ ಕಾಲದ ಚರ್ಮದ ತಿದಿಯನ್ನು ಅಟ್ಟಕ್ಕೆ ಹಾಕಿದ್ದೆ. ಮಳೆ ನಿಂತ ಕೂಡಲೇ ಮನೆಗೆ ಓಡಿ ಅದನ್ನು ಇಳಿಸಿ ನೋಡಿದೆ. ಇಲಿಗಳು ಅದನ್ನು ನೆಮ್ಮದಿಯಾಗಿ ತಿಂದು ಮುಗಿಸಿದ್ದವು. ಉಳಿದದ್ದು ಎರಡು ಹಲಗೆ ಮಾತ್ರ.

ವಾಪಸು ಬಂದು ಬ್ಲೋವರನ್ನು ಬಿಚ್ಚಿದೆ. ಗಾಳಿ ಹೊರಬರುವ ಬಾಯಿಯಿಂದ ಹೊರಟ ಒಂದು ಬಿರುಕು ಗೂಡಿನ ಗೋಡೆಯನ್ನು ಸೀಳಿಕೊಂಡು ನಡುವಿನ ಕುತ್ತಿಗೆಯ ತನಕ ಹೋಗಿತ್ತು. ಕುತ್ತಿಗೆ ಎಂದರೆ ಚಕ್ರದ ಅಚ್ಚು ಕೂರುವ ದಪ್ಪ ದುಂಡು ಭಾಗ. ಅದು ಬಾಯಿ ಬಿಟ್ಟಿದ್ದರಿಂದ ಅಚ್ಚು ಅಲುಗಾಡುತ್ತಿತ್ತು, ಅಚ್ಚು ಅಲುಗಾಡಿದರೆ ರೆಕ್ಕೆ ಗೋಡೆಗೆ ಉಜ್ಜಿ ನಿಲ್ಲುತ್ತಿತ್ತು. ಗೋಡೆಯ ಬಿರುಕೊಂದೇ ಆಗಿದ್ದರೆ ಮಣ್ಣು ಮೆತ್ತಿ ಹೇಗೋ ನಡೆಸುತ್ತಿದ್ದೆ. ಕುತ್ತಿಗೆಯೇ ಹೋದ ಮೇಲೆ ನಡೆಸುವುದು ಏನನ್ನು?

ನಾನು ಅದನ್ನು ನೋಡುತ್ತ ಕುಳಿತಿದ್ದಾಗ ಮೇಸ್ತ್ರಿ ಬಂದರು. ಕಲ್ಲು ಕಡಿಯುವವರಿಗೆಲ್ಲ ಹಿರಿಯರು, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಎಂದೂ ಓಡದ ಮನುಷ್ಯ ಅಂದು ಓಡಿಕೊಂಡು ಬಂದಿದ್ದರು.

"ಆಚಾರ್ರೇ, ಒಮ್ಮೆ ಬನ್ನಿ. ಮೇಲಿನ ಬಂಡೆ ಉಂಟಲ್ಲ, ಅದರ ಹಿಂದೆ ಮಣ್ಣು ಬಿಟ್ಟಿದೆ."

ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆಯುತ್ತಿತ್ತು. ಇಲ್ಲಿ ಕನ್ನಡ ಮಾಡಿಕೊಂಡಿದ್ದೇನೆ. ಹೋಗಿ ನೋಡಿದೆ. ಇಳಿಜಾರಿನ ಮೇಲೆ ಸಣ್ಣ ಮನೆಯಷ್ಟು ದೊಡ್ಡ ಒಂದು ಬಂಡೆ. ವರ್ಷಗಟ್ಟಲೆ ಅದರ ಬುಡದಿಂದ ಕಲ್ಲು ತೆಗೆದು ತೆಗೆದು ಅದು ಈಗ ಹೆಚ್ಚಾಗಿ ಮಣ್ಣಿನ ಮೇಲೆಯೇ ನಿಂತಿತ್ತು. ಅದರ ಬೆನ್ನಿನ ಉದ್ದಕ್ಕೂ ನೆಲ ಹೆಬ್ಬೆರಳು ತೂರುವಷ್ಟು ಬಿರಿದಿತ್ತು. ಬಿರುಕಿನೊಳಗೆ ಮಳೆನೀರು ಇಳಿಯುವ ಸದ್ದು ಕೇಳುತ್ತಿತ್ತು. ಕೆಳಗೆ, ಕಡಿದಾದ ಕಲ್ಲುಮೆಟ್ಟಿಲು ಇಳಿದು ಹೋಗುವಲ್ಲಿ, ಕೆಲಸದವರ ಗುಡಿಸಲುಗಳ ಸಾಲು ಇತ್ತು.

ಸಂಜೆಯೊಳಗೆ ಎಲ್ಲರೂ ಗಂಟುಮೂಟೆ ಕಟ್ಟಿ ಆಚೆ ಬದಿಯ ಗುಡ್ಡಕ್ಕೆ ಹೋದರು. ಒಂದು ಮನೆ ಮಾತ್ರ ಉಳಿಯಿತು, ಅದು ಮೇಸ್ತ್ರಿಯದೇ. ಹೆರಿಗೆಗೆಂದು ತವರಿಗೆ ಬಂದಿದ್ದ ಅವರ ಮಗಳು ಒಳಗೆ ಮಲಗಿದ್ದಳು. ಹೆರಿಗೆಯಾಗಿ ಕೆಲವೇ ದಿನ. ರಕ್ತ ಹೋಗಿ ಹೋಗಿ ಹುಡುಗಿ ಸುಣ್ಣದ ಹಾಗೆ ಬೆಳ್ಳಗಾಗಿದ್ದಳು. ಆಸ್ಪತ್ರೆಯಿಂದ ನರ್ಸ್ ಬಾಯಿ ದಿನಾ ನಡೆದು ಬಂದು ಸೂಜಿಮದ್ದು ಕೊಟ್ಟು ಹೋಗುತ್ತಿದ್ದರು. ಕೊಂಕಣಿ ಕ್ರಿಶ್ಚನ್ ಹೆಂಗಸು, ಮಾತು ಖಡಕ್. ಮಂಚ ಸಮೇತ ಎತ್ತಿಕೊಂಡು ಹೋಗಬಹುದೇ ಎಂದು ಮೇಸ್ತ್ರಿ ಕೇಳಿದ್ದಕ್ಕೆ ಅವರು ಬಾಗಿಲ ಹೊರಗೆ ಕರೆದು ಹೇಳಿದರು.

"ಈ ಮೆಟ್ಟಿಲಲ್ಲಿ ಎತ್ತಿಕೊಂಡು ಹೋದರೆ ಅವಳು ಮೇಲೆ ಮುಟ್ಟುವಾಗ ಇರುವುದಿಲ್ಲ. ರಕ್ತ ನಿಲ್ಲಬೇಕು. ನಿಂತ ಮೇಲೂ ಕೆಲವು ದಿನ ಅಲುಗಾಡಿಸಬಾರದು. ಮತ್ತೆ ನಿಮಗೆ ಬಿಟ್ಟದ್ದು."

ಬಂಡೆಗೆ ಮದ್ದು ಇಟ್ಟು ಸಿಡಿಸುವ ಹಾಗಿಲ್ಲ. ಸಿಡಿದ ನಡುಕಕ್ಕೇ ಅದು ಕೆಳಗೆ ಬರುತ್ತದೆ. ಉಳಿದದ್ದು ಒಂದೇ ದಾರಿ. ಮೇಲಿನಿಂದ ಚಾಣ, ಅಂದರೆ ಕಲ್ಲಿನ ಉಳಿ, ಹೊಡೆದು, ಬೆಣೆ ಇಟ್ಟು, ಹೋಳು ಹೋಳಾಗಿ ಸೀಳಿ ಪಕ್ಕದ ಹಳ್ಳಕ್ಕೆ ಉರುಳಿಸಿ ಬಂಡೆಯ ಭಾರ ಇಳಿಸುವುದು. ಮಳೆಗಾಲ ಕೂತುಕೊಳ್ಳುವ ಮೊದಲು ಅದು ಮುಗಿಯಬೇಕು. ಮಗಳಿಗೆ ಏನೂ ಹೇಳಬಾರದೆಂದು ಮೇಸ್ತ್ರಿ ಎಲ್ಲರಿಗೂ ಕಟ್ಟುನಿಟ್ಟು ಮಾಡಿದರು. ಧಣಿಗಳಿಗೆ ಅವಸರದ ಕಲ್ಲು ಬೇಕಂತೆ, ಅಕ್ಕಪಕ್ಕದವರು ಮಾಡು ಹೊದೆಸಲು ಮನೆ ಖಾಲಿ ಮಾಡಿದ್ದಾರಂತೆ, ಹೀಗೆ ಏನೇನೋ ಕತೆ ಕಟ್ಟಿದರು.

ಕಾರ್ಕಳದ ಕಲ್ಲು ಎಂಥದ್ದೆಂದು ಕಡಿದವರಿಗೆ ಗೊತ್ತು. ಹೊಸದಾಗಿ ಹದ ಕೊಟ್ಟ ಚಾಣ ಒಂದು ತೂತು ಇಳಿಯುವಷ್ಟರಲ್ಲಿ ಮೊಂಡಾಗುತ್ತದೆ. ಅದನ್ನು ಮತ್ತೆ ಕಾಯಿಸಿ, ತಟ್ಟಿ, ತುದಿ ಕೆಂಪಾಗಿಸಿ, ನೀರಿಗೆ ಮುಟ್ಟಿಸಿ, ಬಣ್ಣ ಓಡುವುದನ್ನು ನೋಡಿ ಹದ ನಿಲ್ಲಿಸಬೇಕು. ಪ್ರತಿಯೊಬ್ಬನ ಚಾಣದಲ್ಲಿ ಅವನದೇ ಗುರುತಿನ ಗೀರು ಇರುತ್ತದೆ, ಒಬ್ಬನದನ್ನು ಇನ್ನೊಬ್ಬ ಮುಟ್ಟುವುದಿಲ್ಲ. ಬಲವಾಗಿ ಹೊಡೆಯುವವನಿಗೆ ಹದ ಸ್ವಲ್ಪ ಮೆತ್ತಗೆ, ಹಗುರ ಕೈಯವನಿಗೆ ಸ್ವಲ್ಪ ಗಟ್ಟಿ. ಆದ್ದರಿಂದ ಕಡಿಯುವವರು ಎಷ್ಟೇ ಜನ ಇರಲಿ, ಕೆಲಸ ನಿಂತಿರುವುದು ಕುಲುಮೆಯ ಮೇಲೆ. ಆ ಕುಲುಮೆಗೆ ಈಗ ಉಸಿರೇ ಇಲ್ಲ.

ಹರಿತವಾಗಿ ಉಳಿದಿದ್ದ ಚಾಣಗಳನ್ನೆಲ್ಲ ಕಡಿಯುವವರ ಕೈಗೆ ಕೊಟ್ಟು, ಒಡೆದ ಗೂಡನ್ನು ಗೋಣಿಯಲ್ಲಿ ಸುತ್ತಿ, ಬೆಳಗಿನ ಬಸ್ಸಿಗೆ ಉಡುಪಿಗೆ ಹೊರಟೆ. ಅಲ್ಲಿ ಬಸ್ಸುಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಗ್ಯಾಸ್ ವೆಲ್ಡಿಂಗ್ ಉಂಟೆಂದು ಕೇಳಿದ್ದೆ. ಇತ್ತು, ಸಿಲಿಂಡರ್ ಖಾಲಿಯಾಗಿತ್ತು. ಫೋರ್‌ಮನ್ ಗೂಡನ್ನು ತಿರುಗಿಸಿ ನೋಡಿ, ಬೆರಳಿನಲ್ಲಿ ತಟ್ಟಿ, ಸದ್ದು ಕೇಳಿ ಹೇಳಿದ: "ಗ್ಯಾಸ್ ಇದ್ದರೂ ನಾನು ಇದಕ್ಕೆ ಕೈ ಹಾಕುವುದಿಲ್ಲ ಮಾರಾಯ್ರೇ. ಬೀಡು ಇದು. ಇಲ್ಲಿ ಬೆಸೆದರೆ ಪಕ್ಕದಲ್ಲಿ ಒಡೆಯುತ್ತದೆ. ಅದಕ್ಕೆ ಬೇರೆ ಸರಳು ಬರಬೇಕು ಬೊಂಬಾಯಿಯಿಂದ. ಮಳೆಗಾಲ ಕಳೆದು ಬನ್ನಿ."

ಅವನು ಹೇಳಿದ್ದು ಸರಿಯೇ. ಆದರೂ ಆ "ಮಳೆಗಾಲ ಕಳೆದು ಬನ್ನಿ" ಎಂಬ ಮಾತಿಗೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಗೋಣಿ ಸೆಳೆದುಕೊಂಡು ಹೊರಗೆ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಕಾರ್ಕಳದ ಬಸ್ಸು ಎದುರಿಗೇ ನಿಂತಿತ್ತು. ನಾನು ಹತ್ತಿದ್ದು ಕಾಪುವಿನ ಬಸ್ಸನ್ನು.

ಕಾಪುವಿನ ಪೇಟೆಯ ತುದಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಒಬ್ಬ ಬ್ಯಾರಿ ಸಾಹೇಬರು ಇದ್ದರು. ವರ್ಷಕ್ಕೊಮ್ಮೆ ಕೋರೆಯ ಕಡೆಗೂ ಬರುವವರು. ಪ್ರಾಯದಲ್ಲಿ ಅಕ್ಕಿಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದೆ ಎಂದು ಒಮ್ಮೆ ಹೇಳಿದ್ದು ನನಗೆ ನೆನಪಿತ್ತು. ಸಮುದ್ರದ ಗಾಳಿಗೆ ಬೆನ್ನು ಹಾಕಿ ಕೂತು ಅವರು ಒಂದು ಹಂಡೆಗೆ ಕಲಾಯಿ ಉಜ್ಜುತ್ತಿದ್ದರು. ಗೂಡು ಬಿಚ್ಚಿ ಅವರ ಎದುರು ಇಟ್ಟು, ಬಂಡೆಯ ಕತೆ, ಬಾಣಂತಿಯ ಕತೆ ಎಲ್ಲ ಹೇಳಿದೆ.

"ಬಾಯ್ಲರಿನ ಬೀಡಿನ ಕೊಳವೆ ಸೋರಿದರೆ ನಾವು ಎಂತ ಮಾಡುತ್ತಿದ್ದೆವು ಗೊತ್ತುಂಟಾ?" ಎಂದರು ಸಾಹೇಬರು. "ಕಬ್ಬಿಣದ ಅರದ ಪುಡಿ, ನವಸಾಗರ, ಚೂರು ಗಂಧಕ. ನೀರು ಮುಟ್ಟಿಸಿ ಕಲಸಿ ಬಿರುಕಿನೊಳಗೆ ಜಡಿಯುವುದು. ತುಕ್ಕು ಹಿಡಿಯುತ್ತ ಹಿಡಿಯುತ್ತ ಅದು ಉಬ್ಬಿ ಕಬ್ಬಿಣಕ್ಕೇ ಕಚ್ಚಿಕೊಳ್ಳುತ್ತದೆ. ತುಕ್ಕು ನಮ್ಮ ಶತ್ರು ಅಲ್ವಾ, ಇಲ್ಲಿ ಅವನೇ ಕೂಲಿಯವನು."

"ಕುತ್ತಿಗೆ ಕೂಡ ನಿಲ್ಲುತ್ತದಾ ಸಾಹೇಬರೇ?"

ಅವರು ಕುತ್ತಿಗೆಯನ್ನು ನೋಡಿ ತಲೆ ಅಲ್ಲಾಡಿಸಿದರು. "ಸೋರುವುದು ನಿಲ್ಲುತ್ತದೆ. ಜಗ್ಗುವುದು ನಿಲ್ಲುತ್ತದೆ ಎಂದು ನಾನು ಹೇಳಲಿಕ್ಕಿಲ್ಲ. ಮತ್ತೆ ಒಂದು ವಿಷಯ. ಎಣ್ಣೆ ಜಿಡ್ಡು ಒಂದು ಹನಿ ತಾಗಬಾರದು. ಜಿಡ್ಡಿರುವಲ್ಲಿ ತುಕ್ಕು ಹಿಡಿಯುವುದಿಲ್ಲ."

ಕಲಾಯಿಗೆ ಇಟ್ಟಿದ್ದ ನವಸಾಗರವನ್ನು ಕಾಗದದಲ್ಲಿ ಕಟ್ಟಿ ಕೈಗಿಟ್ಟರು. ನಾನು ಜೇಬಿಗೆ ಕೈ ಹಾಕಿದ್ದಕ್ಕೆ, "ಮಗು ನಡೆಯುವಾಗ ಒಂದು ಸಲ ಇತ್ತ ಕರಕೊಂಡು ಬರಲಿಕ್ಕೆ ಹೇಳಿ" ಎಂದರು.

ಮರಳಿ ಬಂದು ಕೆಲಸಕ್ಕೆ ಕೂತೆ. ಬಿರುಕು ಕೊನೆಯಾಗುವಲ್ಲಿ ಕೈಬೈರಿಗೆಯಿಂದ ಒಂದು ಸಣ್ಣ ತೂತು ಕೊರೆದೆ; ಅಲ್ಲಿಂದ ಮುಂದಕ್ಕೆ ಸೀಳು ಓಡದಂತೆ. ಹಳೆಯ ಡಬ್ಬಿಯ ದಪ್ಪ ತಗಡನ್ನು ಗೋಡೆಯ ತಿರುವಿಗೆ ಸರಿಯಾಗಿ ಬಗ್ಗಿಸಿ, ಬಿರುಕಿನ ಎರಡೂ ಬದಿಗೆ ತೂತು ಕೊರೆದು ಸಣ್ಣ ಬೋಲ್ಟುಗಳಿಂದ ಬಿಗಿದೆ. ಬೀಡಿಗೆ ತೂತು ಕೊರೆಯುವುದೆಂದರೆ ಉಸಿರು ಬಿಗಿಹಿಡಿಯುವ ಕೆಲಸ. ಸ್ವಲ್ಪ ಹೆಚ್ಚು ಒತ್ತಿದರೂ ಹೊಸ ಬಿರುಕು. ಕೊನೆಗೆ ಅರದ ಪುಡಿಯ ಕಲಸನ್ನು ಮೊಂಡು ಉಳಿಯಿಂದ ಬಿರುಕಿನ ಉದ್ದಕ್ಕೂ, ಕುತ್ತಿಗೆಯ ಸೀಳಿನೊಳಗೂ ಜಡಿದೆ. ಕಣ್ಣು ಮೂಗು ಉರಿಯುವ ವಾಸನೆ. ಒದ್ದೆ ಗೋಣಿ ಹೊದೆಸಿ, ಮರುದಿನ ಸಂಜೆಯ ತನಕ ಯಾರೂ ಮುಟ್ಟಬಾರದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಮರುದಿನ ಮೊಂಡಾದ ಚಾಣಗಳನ್ನು ಹೊತ್ತು ಪೇಟೆಯ ಕಮ್ಮಾರರಲ್ಲಿಗೆ ಹೋದೆ. ಅವರಲ್ಲಿ ಚರ್ಮದ ತಿದಿ ಇತ್ತು. ಆದರೆ ಅದು ಬೇಸಾಯಕ್ಕೆ ಮೊದಲಿನ ಕಾಲ. ನೇಗಿಲ ಗುಳ ತಟ್ಟಿಸಲು ಬಂದ ರೈತರು ಅಂಗಳದ ತುಂಬ ಕುಳಿತಿದ್ದರು. ಕಾಡಿ ಬೇಡಿ ನಡುವೆ ಸ್ವಲ್ಪ ಹೊತ್ತು ಜಾಗ ಪಡೆದೆ. ಆಗಿದ್ದು ಬೆರಳೆಣಿಕೆಯ ಚಾಣ, ಉಳಿದದ್ದನ್ನು ಆ ಕಮ್ಮಾರರೇ ಮಾಡಿಕೊಟ್ಟರು. ಕತ್ತಿಗೆ ಕೊಡುವ ಹದವನ್ನೇ ಚಾಣಕ್ಕೂ ಕೊಟ್ಟಿದ್ದರು. ಪಾಪ, ಅವರ ಕೈಗೆ ಅದೇ ಅಭ್ಯಾಸ. ಬಂಡೆಗೆ ಮೊದಲ ಪೆಟ್ಟು ಬೀಳುತ್ತಲೇ ಒಂದರ ತುದಿ ಹಾರಿ ಹೊಡೆಯುತ್ತಿದ್ದವನ ಹುಬ್ಬಿನ ಮೇಲೆ ಗಾಯ ಮಾಡಿತು. ಆಮೇಲೆ ಆ ಚಾಣಗಳನ್ನು ಯಾರೂ ಮುಟ್ಟಲಿಲ್ಲ. ಸುತ್ತಿಗೆಗಳು ಒಂದೊಂದಾಗಿ ಸುಮ್ಮನಾದವು. ಆಗ ಬಂಡೆಯ ಮೂರರಲ್ಲಿ ಒಂದು ಪಾಲೂ ಇಳಿದಿರಲಿಲ್ಲ, ಕಡಲ ಕಡೆಯ ಆಕಾಶ ಕಪ್ಪಾಗುತ್ತಿತ್ತು.

ಸಂಜೆ ಗೋಣಿ ತೆಗೆದು ನೋಡಿದೆ. ಗೂಡು ಮಿರಮಿರ ಹೊಳೆಯುತ್ತಿತ್ತು. ಕುತ್ತಿಗೆಗೆ ಕುಂಕುಮ, ಬಾಯಿಗೆ ಒಂದು ಕೇಪಳ ಹೂವು. ಬಿರುಕಿನ ಉದ್ದಕ್ಕೂ ತೆಂಗಿನೆಣ್ಣೆ ಇಳಿದು ಕೆಳಗಿನ ಕಲ್ಲಿನ ಮೇಲೂ ಹನಿದಿತ್ತು.

ರಿಪೇರಿಯಾದ ಹತ್ಯಾರನ್ನು ಮತ್ತೆ ಕೆಲಸಕ್ಕೆ ಹಚ್ಚುವ ಮೊದಲು ಎಣ್ಣೆ ಸವರಿ ಕುಂಕುಮ ಇಡುವುದು ನಮ್ಮಲ್ಲಿ ಪದ್ಧತಿ. ಯಾವ ಕೋರೆಯಲ್ಲಿ ಕೇಳಿದರೂ ಇದನ್ನೇ ಹೇಳಿಯಾರು. ಮುಟ್ಟಬಾರದು ಎಂದರೆ ಅಲುಗಾಡಿಸಬಾರದು, ತಿರುಗಿಸಬಾರದು ಎಂದು ಅರ್ಥ. ದೇವರ ಕೆಲಸ ಮುಟ್ಟಿದ ಲೆಕ್ಕಕ್ಕೆ ಬರುವುದೇ ಇಲ್ಲ. ಮಾಡಿದವರು ಮೇಸ್ತ್ರಿ. ಸ್ನಾನ ಮಾಡಿ, ಮಡಿ ಉಟ್ಟು, ಮಗಳ ಹೆಸರಿನಲ್ಲಿ ಕೈಮುಗಿದು ಎಣ್ಣೆ ಹಚ್ಚಿದ್ದರು.

ನಾನು ಉಳಿಯ ತುದಿಯಿಂದ ಬಿರುಕನ್ನು ಕೆದಕಿದೆ. ಕಲಸು ಅವಲಕ್ಕಿಯ ಹಾಗೆ ಉದುರಿತು. ಚಕ್ರ ಕೂರಿಸಿ ಹಿಡಿಯನ್ನು ಒಂದು ಸುತ್ತು ತಿರುಗಿಸಿದ್ದೇ ತಡ, ಕುತ್ತಿಗೆ ಮೊದಲಿಗಿಂತ ಅಗಲಕ್ಕೆ ಬಾಯಿ ಬಿಟ್ಟಿತು. ನನಗೆ ತಲೆ ಕೆಟ್ಟುಹೋಯಿತು. ಹಿರಿಯರೆಂದೂ ನೋಡದೆ ಬಾಯಿಗೆ ಬಂದಂತೆ ಬೈದೆ.

"ಯಾರು ಹೇಳಿದ್ದು ನಿಮಗೆ ಎಣ್ಣೆ ಹಾಕಲಿಕ್ಕೆ? ಯಾರು ಹೇಳಿದ್ದು? ಇದ್ದದ್ದೂ ಹೋಯಿತು!"

ಮೇಸ್ತ್ರಿ ಎಣ್ಣೆಯ ಕೈಗಳನ್ನು ನೋಡಿಕೊಂಡರು. ಆಮೇಲೆ ಮೆಲ್ಲಗೆ, "ಹಾಕದೆ ಹೇಗೆ ಆಚಾರ್ರೇ, ಮಗಳ ಜೀವದ ಮಾತಲ್ವಾ?" ಎಂದರು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದ ಮನುಷ್ಯನ ಮೇಲೆ ಕೂಗಾಡಿ ಏನು ಬಂತು?

ಮೊದಲು ಎಣ್ಣೆ ಹೋಗಬೇಕು. ಬೀಡು ಎಣ್ಣೆ ಕುಡಿಯುತ್ತದೆ, ಒರೆಸಿದರೆ ಸಾಲದು. ಬೂದಿ ನೀರಿನಲ್ಲಿ ಅಂಟುವಾಳ ಹಾಕಿ ಕುದಿಸಬೇಕು. ಇಡೀ ಗೂಡು ಮುಳುಗುವ ಪಾತ್ರೆ ಕೋರೆಯಲ್ಲಿ ಒಂದೇ ಇತ್ತು: ಮೇಸ್ತ್ರಿಯ ಮನೆಯ ತಾಮ್ರದ ಹಂಡೆ, ಬಾಣಂತಿಗೆ ನೀರು ಕಾಯಿಸುವುದು. ಹೆರಿಗೆಯ ಸೂತಕಕ್ಕೆ ನಮ್ಮಲ್ಲಿ ಅಮೆ ಎನ್ನುತ್ತಾರೆ. ಅಮೆಯ ಮನೆಯ ಪಾತ್ರೆಯನ್ನು ಆ ದಿನಗಳಲ್ಲಿ ಹೊರಗಿನವರು ಮುಟ್ಟುವುದಿಲ್ಲ. ಕುಲುಮೆಯ ಬೆಂಕಿಯಂತೂ ನಮಗೆ ದೇವರು, ಅದರ ಹತ್ತಿರ ತರುವ ಮಾತೇ ಇಲ್ಲ. ಮೇಸ್ತ್ರಿಯೇ ಅನುಮಾನಿಸಿದರು. "ಕುಲುಮೆ ಅಶುದ್ಧ ಆಗುತ್ತದಲ್ವಾ ಆಚಾರ್ರೇ?"

"ಬೆಂಕಿ ಹೇಗೂ ಆರಿದೆ" ಎಂದೆ ನಾನು. "ದೇವರು ಬಂದ ಮೇಲೆ ಶುದ್ಧ ಮಾಡುವ."

ಮರುದಿನ ಬೆಳಗಾಗುತ್ತಲೇ ಬಂಡೆಯ ಕೆಳಗಿನ ಮೆಟ್ಟಿಲು ಇಳಿದು ಹೋದೆ. ಇಳಿಯುವಾಗ ಮೇಲೆ ನೋಡಬಾರದು ಎಂದುಕೊಂಡೇ ಮೇಲೆ ನೋಡಿದೆ. ಮೇಸ್ತ್ರಿಯ ಹೆಂಡತಿ ಹಂಡೆಗೆ ಉರಿ ಹಾಕಲು ಕೂತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

"ಅಕ್ಕ, ಹಂಡೆ ಬೇಕಿತ್ತು. ಇವತ್ತಿಗೆ ಮಾತ್ರ."

"ಅಯ್ಯೋ, ಬಾಣಂತಿಗೆ ಮೈ ಒರೆಸಲಿಕ್ಕೆ ನಾನು ಎಂತ ಮಾಡಲಿ?" ಎಂದವರು ನನ್ನ ಮುಖ ನೋಡಿ ಎದ್ದರು. ನೀರನ್ನು ಗಡಿಗೆಗಳಿಗೆ ತೋಡಿ ಹಂಡೆ ಬರಿದು ಮಾಡಿದರು. "ತಗೊಳ್ಳಿ. ತೊಳೆದು ಕೊಡಿ ಆಯ್ತಾ, ಜಿಡ್ಡು ಇರಬಾರದು."

ಒಳಗಿನಿಂದ ತೆಳ್ಳಗಿನ ಧ್ವನಿ ಬಂತು. "ಎಂತಕ್ಕೆ ಮಾಮ ಹಂಡೆ?"

"ಕುಲುಮೆಯ ಸಾಮಾನು ತೊಳೆಯಲಿಕ್ಕೆ ಮಗಳೇ."

"ಈಗ ಯಾಕೆ ಕುಟ್ಟುವ ಸದ್ದೇ ಇಲ್ಲ?"

"ಧಣಿಗಳಿಗೆ ಕಲ್ಲು ಸಾಕಾಯಿತಂತೆ" ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಹಂಡೆ ಹೊತ್ತು ಮೆಟ್ಟಿಲು ಹತ್ತಿದೆ. ಒಳಗೆ ಮಗು ಅಳಲು ಶುರುಮಾಡಿತು.

ಗೂಡು ಬೂದಿ ನೀರಿನಲ್ಲಿ ಕುದಿಯುತ್ತಿರುವಾಗ ನಾನು ಕುತ್ತಿಗೆಯ ವಿಷಯವನ್ನೇ ಯೋಚಿಸುತ್ತಿದ್ದೆ. ಸಾಹೇಬರು ಮೊದಲೇ ಹೇಳಿದ್ದರು, ಕಲಸು ಸೋರುವುದನ್ನು ನಿಲ್ಲಿಸೀತು, ಜಗ್ಗುವುದನ್ನಲ್ಲ. ಕುತ್ತಿಗೆಯನ್ನು ಹೊರಗಿನಿಂದ ಯಾವುದಾದರೂ ಹಿಡಿದು ಅಮುಕಬೇಕು. ಗಾಡಿಯ ಚಕ್ರಕ್ಕೆ ಪಟ್ಟಿ ಹಾಕುವ ಹಾಗೆ ಹಾಕಿದರೆ? ಕಾಯಿಸಿದ ಬಳೆ ಹಿಗ್ಗುತ್ತದೆ, ತೊಡಿಸಿದ ಮೇಲೆ ತಣಿದು ಕುಗ್ಗಿ ಒಳಗಿನದನ್ನು ಬಿಗಿಯುತ್ತದೆ. ಅದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಕೆಲಸ. ಆದರೆ ಮರ ಅಮುಕಿಸಿಕೊಳ್ಳುತ್ತದೆ, ಬೀಡು ಹಾಗಲ್ಲ. ಬಳೆ ಒಂದು ಕೂದಲಷ್ಟು ಹೆಚ್ಚು ಬಿಗಿಯಾದರೂ ಕುತ್ತಿಗೆ ಎರಡು ಹೋಳಾಗುತ್ತದೆ, ಸಡಿಲವಾದರೆ ಹಾಕಿದ್ದೂ ಒಂದೇ ಹಾಕದ್ದೂ ಒಂದೇ. ಎರಡನೆಯ ಅವಕಾಶ ಇಲ್ಲ. ಈಗ ಇರುವುದು ಒಡೆದ ಬ್ಲೋವರು. ಎಡವಿದರೆ ಅದೂ ಇರುವುದಿಲ್ಲ. ಸಾಹೇಬರ ಕಲಸನ್ನೇ ಮತ್ತೆ ಜಡಿದು ದೇವರ ಮೇಲೆ ಭಾರ ಹಾಕೋಣವೇ ಎಂದೂ ಅನ್ನಿಸಿತು. ನಾನು ಬಳೆಯನ್ನೇ ಆರಿಸಿಕೊಂಡೆ.

ಬಳೆ ಎಲ್ಲಿಂದ? ಹೊಸದು ಬೆಸೆಯಲು ಕುಲುಮೆ ಬೇಕು, ಕುಲುಮೆ ನಡೆಯಲು ಬಳೆ ಬೇಕು. ಗಾಡಿಯ ಬಳೆಗಳೆಲ್ಲ ದೊಡ್ಡವು. ಹೀಗೆ ತಲೆ ಕೆರೆದುಕೊಳ್ಳುತ್ತಿರುವಾಗ ಆಚೆ ಗುಡ್ಡದಿಂದ ಯಾರೋ ಭತ್ತ ಕುಟ್ಟುವ ಸದ್ದು ಕೇಳಿತು. ಒನಕೆ! ಒನಕೆಯ ತುದಿ ಸೀಳದಿರಲೆಂದು ಕಬ್ಬಿಣದ ಬಳೆ ಹಾಕಿರುತ್ತಾರಲ್ಲ. ಕುತ್ತಿಗೆಯ ಸುತ್ತಳತೆಯನ್ನು ನೂಲಿನಲ್ಲಿ ಹಿಡಿದು ಮೇಸ್ತ್ರಿಯ ಕೈಗೆ ಕೊಟ್ಟೆ. ಅವರು ಮನೆಮನೆಗೆ ಹೋದರು. ಮಧ್ಯಾಹ್ನದೊಳಗೆ ಕುಲುಮೆಯ ಎದುರು ಒನಕೆಗಳ ರಾಶಿ ಬಿತ್ತು, ಅವುಗಳ ಹಿಂದೆ ಅವುಗಳ ಒಡತಿಯರೂ ಬಂದರು. ಒಂದು ದೊಡ್ಡದು, ಇನ್ನೊಂದು ಸವೆದು ತೆಳು. ಕೊನೆಗೆ ಒಬ್ಬ ಅಜ್ಜಿಯ ಒನಕೆಯ ಬಳೆ ನೂಲಿಗೆ ಹತ್ತಿರ ಬಂತು, ಒಂದು ಚೂರು ಚಿಕ್ಕದು, ಸಾಕಷ್ಟು ದಪ್ಪ.

"ಅದು ನನ್ನ ತಾಯಿಯ ಕಾಲದ್ದು" ಎಂದಳು ಅಜ್ಜಿ.

"ಹೊಸದು ಮಾಡಿಕೊಡುತ್ತೇನೆ ಅಜ್ಜಿ."

"ನಿನ್ನ ಹೊಸದು ಯಾರಿಗೆ ಬೇಕು? ತಗೊ, ತಗೊ. ನೋಡುತ್ತ ಕೂತುಕೊಳ್ಳಬೇಡ."

ಬಳೆಯ ಒಳಮೈಯನ್ನು ಅರದಿಂದ ಉಜ್ಜಿದೆ. ತಣ್ಣಗಿರುವಾಗ ಅದು ಕುತ್ತಿಗೆಯ ಅಂಚಿನ ಮೇಲೆ ಕೂತು ಒಳಗೆ ಇಳಿಯದೆ ನಿಲ್ಲಬೇಕು, ಅಷ್ಟೇ ಅಂತರ ಉಳಿಯಬೇಕು. ಉಜ್ಜುವುದು, ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಅದಕ್ಕೆ ಯಾವ ಮಾಪಕವೂ ನನ್ನಲ್ಲಿ ಇರಲಿಲ್ಲ, ಬೆರಳಿನ ತುದಿ ಹೇಳಿದ್ದೇ ಲೆಕ್ಕ. ಬೆರಳು ಸಾಕು ಎಂದ ಮೇಲೂ ಎರಡು ಸಲ ಉಜ್ಜಿದೆ, ಹೆಚ್ಚಾಯಿತೇನೋ ಎಂದು ಮತ್ತೆ ಹೆದರಿದೆ. ಅಷ್ಟರಲ್ಲಿ ಗೂಡನ್ನು ಹಂಡೆಯಿಂದ ತೆಗೆದು ಒಣಗಿಸಿ, ಬಿರುಕಿಗೆ ಹೊಸ ಕಲಸು ಜಡಿದಾಗಿತ್ತು. ಈ ಬಾರಿ ಮೇಸ್ತ್ರಿ ಹತ್ತು ಮಾರು ದೂರದಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

ಬಳೆ ಕಾಯಿಸಲು ನೆಲದಲ್ಲಿ ಗುಂಡಿ ತೋಡಿ ತೆಂಗಿನ ಗೆರಟೆಯ ಇದ್ದಿಲು ತುಂಬಿದೆ. ಗಾಳಿಗೆ ಮನುಷ್ಯರೇ ಬೇಕಾಯಿತು. ಕಲ್ಲು ಕಡಿಯುವವರು ಗೆರಸೆ ಹಿಡಿದು ಸುತ್ತ ಕೂತು ಬೀಸಿದರು. ಇಬ್ಬರು ಊದುಗೊಳವೆಯಲ್ಲಿ ಊದಿದರು. ಚಾಣಕ್ಕೆ ಬೇಕಾದ ಬೆಂಕಿ ಅದರಿಂದ ಎಂದೂ ಬರಲಾರದು, ಬಳೆ ಹಿಗ್ಗುವಷ್ಟು ಬಂದರೆ ಸಾಕಿತ್ತು. ಕಪ್ಪು ಬಳೆ ಮೆಲ್ಲಗೆ ಕಡುಕೆಂಪಿಗೆ ತಿರುಗಿತು. ಕುತ್ತಿಗೆಗೆ ಏಕಾಏಕಿ ಬಿಸಿ ತಾಗಿ ಸಿಡಿಯಬಾರದೆಂದು ಗೂಡನ್ನೂ ಬಿಸಿ ಬೂದಿಯಲ್ಲಿ ಹೂತು ಬೆಚ್ಚಗೆ ಮಾಡಿದ್ದೆ. ಇಕ್ಕುಳದಿಂದ ಬಳೆ ಎತ್ತಿದೆ. ಅದು ಕುತ್ತಿಗೆಯ ಅಂಚಿಗೆ ಓರೆಯಾಗಿ ಸಿಕ್ಕಿಕೊಂಡಿತು. ಒಂದು ಗಳಿಗೆ ತಡೆದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಮರದ ತುಂಡಿನಿಂದ ಮೆಲ್ಲಗೆ ಬಡಿದೆ. ಮತ್ತೊಂದು ಪೆಟ್ಟು. ಬಳೆ ಜಾರಿ ಬುಡಕ್ಕೆ ಕೂತಿತು.

ಬಳೆ ಕೆಂಪಿನಿಂದ ಕಪ್ಪಿಗೆ ತಿರುಗುವುದನ್ನು ಎಲ್ಲರೂ ನೋಡುತ್ತಿದ್ದೆವು. ಟಿಕ್ ಎಂದು ಒಂದು ಸದ್ದು ಬಂತು. ಕುತ್ತಿಗೆ ಒಡೆಯಿತೆಂದುಕೊಂಡೆ. ಬಗ್ಗಿ ನೋಡಿದೆ. ಬಾಯಿ ಬಿಟ್ಟಿದ್ದ ಸೀಳು ಮುಚ್ಚಿಕೊಳ್ಳುತ್ತಿತ್ತು, ಒಳಗೆ ಹೆಚ್ಚಾಗಿದ್ದ ಕಲಸು ಹಿಂಡಿ ಹೊರಗೆ ಬಂದಿತ್ತು. ಸದ್ದು ಅದರದ್ದೇ. ತಣಿದ ಮೇಲೆ ಉಗುರು ಹಾಕಿ ನೋಡಿದರೆ ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಕಲಸು ಕಚ್ಚಲು ಇನ್ನೂ ಒಂದು ದಿನ ಬಿಡಬೇಕಿತ್ತು. ಪಡುವಣದಲ್ಲಿ ಗುಡುಗು ಶುರುವಾಗಿತ್ತು. ಭಾರ ಹೊರುವುದು ಬಳೆ, ಕಲಸು ಸೋರುವುದನ್ನು ಮಾತ್ರ ತಡೆಯಬೇಕು ಎಂದು ಧೈರ್ಯ ಮಾಡಿ, ಬಿರುಕಿನ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಜೇಡಿಮಣ್ಣು ಮೆತ್ತಿ, ಚಕ್ರ ಜೋಡಿಸಿದೆ. ಹಿಡಿಯನ್ನು ಮೊದಲು ತಿರುಗಿಸಲು ಮೇಸ್ತ್ರಿಯನ್ನೇ ಕರೆದೆ. ಅವರು ಉಟ್ಟ ಮುಂಡಿನಲ್ಲಿ ಕೈಗಳನ್ನು ಎರಡೆರಡು ಸಲ ಒರೆಸಿಕೊಂಡು ಬಂದರು. ಚಕ್ರ ತಿರುಗಿತು, ರೆಕ್ಕೆ ಉಜ್ಜಲಿಲ್ಲ. ಇದ್ದಿಲು ನೀಲಿ ನಾಲಗೆ ಚಾಚಿ ಹೊತ್ತಿಕೊಂಡಿತು. ಮೇಸ್ತ್ರಿ ತಿರುಗಿಸುತ್ತಲೇ ಅಳುತ್ತಿದ್ದರು. ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ನಾನೇ ಅವರ ಪರವಾಗಿ ಎಲ್ಲರಿಗೂ ಹೇಳಿದೆ.

ಅಂದಿನಿಂದ ಕುಲುಮೆ ನಿಲ್ಲಲಿಲ್ಲ. ಮೊಂಡು ಚಾಣ ಬರುತ್ತಿತ್ತು, ಹರಿತ ಚಾಣ ಹೋಗುತ್ತಿತ್ತು. ಬಂಡೆಯ ಮೇಲೆ ಎಲ್ಲ ಸುತ್ತಿಗೆಗಳೂ ಒಟ್ಟಿಗೆ ಬೀಳುತ್ತಿದ್ದವು. ಒಂದೊಂದೇ ಹೋಳು ಸೀಳಿ ಪಕ್ಕದ ಹಳ್ಳಕ್ಕೆ ಉರುಳುತ್ತಿತ್ತು. ಮುಕ್ಕಾಲು ಪಾಲು ಇಳಿದಿದ್ದಾಗ ಒಂದು ಮಧ್ಯಾಹ್ನ ಜಡಿಮಳೆ ಹಿಡಿಯಿತು. ಎಲ್ಲರೂ ಬಂಡೆಯಿಂದ ಹಾರಿ ಇಳಿದರು. ನೋಡುತ್ತಿದ್ದಂತೆ ಉಳಿದ ತುಂಡು ನರಳಿದ ಹಾಗೆ ಸದ್ದು ಮಾಡಿ ಒಂದು ಗೇಣು ಜಾರಿತು. ಮೇಸ್ತ್ರಿ ಮನೆಯ ಕಡೆಗೆ ಓಡಿದರು. ಹೋಗಿ ಏನು ಮಾಡುವವರಿದ್ದರೋ. ಬಂಡೆ ಅಲ್ಲಿಗೇ ನಿಂತಿತು. ಇಡೀ ಮಳೆ ಸುರಿದು ಮುಗಿದರೂ ಮತ್ತೆ ಕದಲಲಿಲ್ಲ. ಮೊದಲಿನ ಭಾರ ಇದ್ದಿದ್ದರೆ ನಿಲ್ಲುತ್ತಿತ್ತೇ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮಳೆ ಬಿಟ್ಟ ಮೇಲೆ ಹತ್ತಿ ಅದನ್ನೂ ಕಡಿದು ಮುಗಿಸಿದರು.

ಆ ಬ್ಲೋವರು ಮುಂದೆ ಎಷ್ಟೋ ವರ್ಷ ನಡೆಯಿತು. ಬಳೆ ಕೊಟ್ಟ ಅಜ್ಜಿಗೆ ಎರಡು ಹೊಸ ಬಳೆ ಮಾಡಿಕೊಟ್ಟರೂ ದಾರಿಯಲ್ಲಿ ಸಿಕ್ಕಾಗಲೆಲ್ಲ, "ನನ್ನ ತಾಯಿಯ ಬಳೆ ಹೇಗುಂಟು?" ಎಂದು ಕೇಳುತ್ತಿದ್ದಳು.

ಒಂದು ದಿನಕ್ಕೆಂದು ತಂದಿದ್ದ ಹಂಡೆಯನ್ನು ನಾನು ಹಿಂದೆ ಕೊಟ್ಟದ್ದು ಎಲ್ಲ ಮುಗಿದ ಮೇಲೆ. ಹುಣಿಸೆಹಣ್ಣು ಹಾಕಿ ಬೆಳಗಿ, ಜಿಡ್ಡಿಲ್ಲ ಎಂದು ಬೆರಳಲ್ಲಿ ಉಜ್ಜಿ ನೋಡಿ ಹೊತ್ತುಕೊಂಡು ಹೋದೆ. ರಕ್ತ ನಿಂತಿತ್ತು. ನರ್ಸ್ ಬಾಯಿ ಎದ್ದು ಕೂರಲು ಬಿಟ್ಟಿದ್ದರು. ಹುಡುಗಿ ಜಗಲಿಯಲ್ಲಿ ಗೋಡೆಗೆ ಒರಗಿ ಮಗುವನ್ನು ಕಾಲ ಮೇಲೆ ಹಾಕಿಕೊಂಡಿದ್ದಳು. ಬಂಡೆ ಇದ್ದಲ್ಲಿ ಈಗ ಬರೀ ಆಕಾಶ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ನಮ್ಮ ಕುಟ್ಟುವ ಗಲಾಟೆಗೆ ನಿನಗೂ ಮಗುವಿಗೂ ನಿದ್ದೆ ಇಲ್ಲದೆ ಹೋಯಿತು ಅಲ್ವಾ ಮಗಳೇ" ಎಂದೆ, ಏನಾದರೂ ಮಾತಾಡಬೇಕಲ್ಲ ಎಂದು.

"ಇಲ್ಲ ಮಾಮ. ಕುಟ್ಟುವಾಗ ಚೆನ್ನಾಗಿ ನಿದ್ದೆ ಬರುತ್ತಿತ್ತು" ಎಂದಳು. ಒಳಗೆ ತಾಯಿ ಇದ್ದಾರೋ ಎಂದು ಒಮ್ಮೆ ತಿರುಗಿ ನೋಡಿ, ಸಣ್ಣ ಧ್ವನಿಯಲ್ಲಿ ಮುಂದುವರಿಸಿದಳು. "ಸದ್ದು ನಿಂತ ದಿನಗಳಲ್ಲಿ ಮಾತ್ರ ಬರಲಿಲ್ಲ. ಆಗ ಮಗುವನ್ನು ಆಚೆ ಗೋಡೆಯ ಬದಿಗೆ ಹಾಕಿ, ಬಂಡೆಯ ಬದಿಗೆ ನಾನು ಮಲಗುತ್ತಿದ್ದೆ. ಅಪ್ಪನಿಗೆ ಹೇಳಬೇಡಿ."

ನಾನು ಇದುವರೆಗೆ ಹೇಳಿರಲಿಲ್ಲ. ಮೇಸ್ತ್ರಿ ಈಗ ಇಲ್ಲ.